ತಿದ್ದಿ ಕಲಿತ ಮುಖ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವೇದಿಕೆಯ ಮೇಲೆ ನಿಂತು ಮಾತನಾಡುವ ಅಭ್ಯಾಸ ನಮಗಿಲ್ಲ. ನಮ್ಮ ಕೈಗೆ ಒಗ್ಗಿದುದು ಕುಂಚ. ಅದೂ ಹೆಮ್ಮೆಪಟ್ಟುಕೊಳ್ಳುವಷ್ಟೇನೂ ಅಲ್ಲ. ಕಾರ್ಯದರ್ಶಿಗಳು ಮನೆಗೆ ಬಂದು, "ಚಿತ್ರ ಬರೆದುಕೊಟ್ಟಿರಿ, ಅದು ಆದ ಬಗೆಯನ್ನೂ ನಾಲ್ಕು ಮಾತಿನಲ್ಲಿ ಹೇಳಿಬಿಡಿ" ಎಂದು ಪಟ್ಟು ಹಿಡಿದರು. ಹಿರಿಯರ ಮಾತನ್ನು ಮೀರಲಾರದೆ ಇಲ್ಲಿ ನಿಂತಿದ್ದೇವೆ. ಹೇಳುವುದರಲ್ಲಿ ತಪ್ಪಿದರೆ ತಾವು ತಿದ್ದಬೇಕು.

ನಮ್ಮ ಹಿಂದಿನ ಗೋಡೆಯ ಮೇಲೆ ಇಂದು ಏರಿರುವ ತೈಲಚಿತ್ರ ಯಾರದೆಂದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಈ ಊರಿನ ಕನ್ನಡ ಶಾಲೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ನಮ್ಮ ಹೆಡ್ಮಾಷ್ಟ್ರು ಅವರು. ಮೇ ತಿಂಗಳ ಬಿಸಿಲಿನಲ್ಲಿ ಕೊಡೆ ಹಿಡಿದು ಮನೆಮನೆಯ ಮೆಟ್ಟಲು ಹತ್ತಿ, "ಮಗುವನ್ನು ಕನ್ನಡ ತರಗತಿಗೇ ಸೇರಿಸಿ" ಎಂದು ಕೇಳಿಕೊಳ್ಳುತ್ತಿದ್ದರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ಮಕ್ಕಳ ಸಂಖ್ಯೆ ಕುಗ್ಗಿದರೆ ಕನ್ನಡ ತರಗತಿಯೇ ಉಳಿಯಲಾರದೆಂಬ ಅಳುಕು ಅವರನ್ನು ಒಂದು ದಿನವೂ ಬಿಟ್ಟಿರಲಿಲ್ಲ. ನಮಗೆ ಅಕ್ಷರ ಕಲಿಸಿದವರೂ ಅವರೇ. ಮರಳು ಹರಡಿದ ಮಣೆಯ ಮೇಲೆ ತಾವು ಒಂದು 'ಅ' ಬರೆದು, ಅದರ ಮೇಲೆಯೇ ನಮ್ಮ ಬೆರಳನ್ನು ಹಿಡಿದು ನಡೆಸುತ್ತಿದ್ದರು. "ತಿದ್ದು, ಮಗಾ, ತಿದ್ದು" ಎನ್ನುತ್ತಿದ್ದರು.

ಅವರ ಭಾವಚಿತ್ರವೊಂದನ್ನು ಈ ಸಭಾಂಗಣದಲ್ಲಿ ಇಡಬೇಕೆಂದು ಸಂಘದವರು ನಿಶ್ಚಯಿಸಿ ಆ ಕೆಲಸವನ್ನು ನಮಗೊಪ್ಪಿಸಿದರು. ನಾವು ಹಿಂದು ಮುಂದು ನೋಡದೆ ಒಪ್ಪಿಕೊಂಡೆವು. ಕ್ಯಾಮರಾ ಎಂದರೆ ಮಾಷ್ಟ್ರು ಮಾರು ದೂರ ಸರಿಯುತ್ತಿದ್ದರಾದುದರಿಂದ ದೊರೆತದ್ದು ಒಂದೇ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ. ಪೆನ್ಶನ್ನಿನ ಕಾಗದಪತ್ರಕ್ಕೆಂದು ತೆಗೆಸಿದ್ದು. ಫ್ಲಾಶ್ ಬೆಳಕು ನೇರವಾಗಿ ಮುಖಕ್ಕೆ ಬಡಿದು ಮೂಗು, ಕೆನ್ನೆ, ಹಣೆ ಎಲ್ಲವೂ ಒಂದೇ ಹಪ್ಪಳದಂತೆ ಚಪ್ಪಟೆಯಾಗಿತ್ತು. ಆ ಫೋಟೋದ ಮೇಲೆ ಚೌಕುಳಿ ಗೆರೆ ಎಳೆದು, ಗೆರೆಗೆ ಗೆರೆ ಹೊಂದಿಸಿ, ಮೂರು ತಿಂಗಳು ದುಡಿದು ಒಂದು ಚಿತ್ರ ಮಾಡಿದೆವು. ರೆಪ್ಪೆಯ ಕೂದಲು ಒಂದೊಂದನ್ನೂ ಎಣಿಸಿ ಬರೆದಿದ್ದೆವು.

ಅದನ್ನು ಮಾಷ್ಟ್ರ ಮನೆಯವರಿಗೆ ತೋರಿಸಿದೆವು. ಅವರನ್ನು ನಾವೆಲ್ಲ ಅಮ್ಮ ಎಂದೇ ಕರೆಯುವುದು. ಅಮ್ಮ ಕನ್ನಡಕ ಒರಸಿಕೊಂಡು ಬಹಳ ಹೊತ್ತು ನೋಡಿದರು. "ಫೋಟೋದ ಹಾಗೇ ಉಂಟು, ಮಗಾ. ಅವರ ಹಾಗೆ ಇಲ್ಲ" ಎಂದರು. ಬಳಿಕ ಒಳಗೆ ಹೋಗಿ ನಮಗೆ ಬೆಲ್ಲ, ನೀರು ತಂದಿಟ್ಟರು.

ಆ ಮಾತು ನಮ್ಮನ್ನು ಅನೇಕ ದಿನ ಕಾಡಿತು. ಅಮ್ಮ ಹೇಳಿದುದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಮಗೆ ರೂಪವನ್ನು ಹೊಂದಿಸಲು ಬರುತ್ತಿತ್ತು. ಮುಖವನ್ನು ಬರೆಯಲು ಬರುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಯಾವ ಕಲಾಶಾಲೆಗೆ ಹೋಗಿ ಸೇರುವುದು? ಆಗಲೇ ನೆನಪಿಗೆ ಬಂದದ್ದು ಆ ಮರಳಿನ ಮಣೆ. ಬಲ್ಲವನೊಬ್ಬ ಬರೆದ ಮುಖದ ಮೇಲೆ ನಮ್ಮ ಕೈಯನ್ನು ನಡೆಸಿ ನೋಡೋಣವೆಂದು ತೀರ್ಮಾನಿಸಿದೆವು.

ನಾವು ಆರಿಸಿಕೊಂಡದ್ದು ಸ್ಪೇನಿನ ದಿಯೆಗೊ ವೆಲಾಸ್ಕೆಸ್ 1650ರಲ್ಲಿ ರೋಮಿನಲ್ಲಿ ಬರೆದ ಹುವಾನ್ ದೆ ಪರೇಹನ ಭಾವಚಿತ್ರವನ್ನು. ಈ ಪರೇಹ ಯಾರೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಆತ ಸ್ಪೇನಿನ ಅಂತೆಕೇರಾ ಎಂಬ ಊರಿನವನು. ಆಫ್ರಿಕದ ವಂಶದ ರಕ್ತ ಆತನಲ್ಲಿ ಹರಿಯುತ್ತಿತ್ತು. ವೆಲಾಸ್ಕೆಸನ ಮನೆಯಲ್ಲಿ ಗುಲಾಮನಾಗಿದ್ದನು. ಒಡೆಯನಿಗೆ ಬಣ್ಣ ಅರೆದುಕೊಡುವುದು, ಚಿತ್ರದ ಬಟ್ಟೆಯನ್ನು ಹದಗೊಳಿಸುವುದು ಆತನ ಕೆಲಸವಾಗಿತ್ತೆನ್ನುತ್ತಾರೆ. ಸ್ಪೇನಿನ ದೊರೆ ನಾಲ್ಕನೆಯ ಫಿಲಿಪನಿಗಾಗಿ ಕಲಾಕೃತಿಗಳನ್ನು ಕೊಂಡುತರಲು ವೆಲಾಸ್ಕೆಸ್ 1649ರಲ್ಲಿ ಇಟಲಿಗೆ ಹೋದಾಗ ಪರೇಹನೂ ಜೊತೆಗೆ ಹೋದನು. ಅಲ್ಲಿ ಹತ್ತನೆಯ ಇನ್ನೊಸೆಂಟ್ ಪೋಪರ ಭಾವಚಿತ್ರ ಬರೆಯುವ ಸಂದರ್ಭ ಒದಗಿತು. ಅದಕ್ಕೆ ಮುನ್ನ ಕೈ ಕುದುರಿಸಿಕೊಳ್ಳಲು ಪಕ್ಕದಲ್ಲಿಯೇ ಇದ್ದ ಈ ಸೇವಕನನ್ನು ಕೂರಿಸಿ ಬರೆದನೆಂದು ಹಳೆಯ ಚರಿತ್ರಕಾರರು ಹೇಳುತ್ತಾರೆ.

ಅಭ್ಯಾಸಕ್ಕೆಂದು ಮಾಡಿದ್ದು ಎನ್ನುವ ಈ ಚಿತ್ರ ಲೋಕಪ್ರಸಿದ್ಧವಾಯಿತು. ಚಿತ್ರವನ್ನು ಪರೇಹನ ಕೈಯಲ್ಲೇ ಕೊಟ್ಟು ವೆಲಾಸ್ಕೆಸ್ ಗೆಳೆಯರ ಬಳಿಗೆ ಕಳುಹಿಸಿದನೆಂದೂ, ಅವರು ಚಿತ್ರವನ್ನೊಮ್ಮೆ ಆಳನ್ನೊಮ್ಮೆ ನೋಡುತ್ತ ಯಾರೊಡನೆ ಮಾತನಾಡಬೇಕೆಂದು ತಿಳಿಯದಾದರೆಂದೂ ಒಂದು ಕತೆಯಿದೆ. ಕತೆ ಎಷ್ಟು ಬೆಳೆದಿದೆಯೋ, ಇರಲಿ. 1650ರ ಮಾರ್ಚ್ 19ರಂದು ರೋಮಿನ ಪಾಂಥಿಯನ್ ಮಂದಿರದಲ್ಲಿ ಅದನ್ನು ಪ್ರದರ್ಶಿಸಿದರೆಂಬುದು ದಿಟ. ಅದೇ ವರ್ಷ ನವೆಂಬರಿನಲ್ಲಿ ವೆಲಾಸ್ಕೆಸ್ ಪರೇಹನಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟನು. ಅದಕ್ಕೂ ಒಂದು ಗಂಟಿತ್ತು: ಇನ್ನೂ ನಾಲ್ಕು ವರ್ಷ ಸೇವೆ ಮಾಡಬೇಕೆಂಬ ನಿಬಂಧನೆ. ಇಷ್ಟು ಘನತೆಯಿಂದ ಒಬ್ಬನ ಮುಖವನ್ನು ಕಂಡ ಕಣ್ಣು, ಅದೇ ಮನುಷ್ಯನನ್ನು ಇನ್ನೂ ನಾಲ್ಕು ವರ್ಷ ಕಟ್ಟಿಹಾಕಲು ಹೇಗೆ ಒಪ್ಪಿತೋ ನಮಗಂತೂ ಬಗೆಹರಿಯಲಿಲ್ಲ. ಮುಂದೆ ಪರೇಹ ತಾನೇ ಚಿತ್ರಕಾರನಾದನು. ಆತ 1661ರಲ್ಲಿ ಬರೆದ 'ಸಂತ ಮತ್ತಾಯನ ಕರೆ' ಮಾಡ್ರಿಡ್ಡಿನ ಪ್ರಾಡೊ ಸಂಗ್ರಹದಲ್ಲಿದೆ. ಆ ದೊಡ್ಡ ಚಿತ್ರದ ಎಡ ಅಂಚಿನಲ್ಲಿ ತನ್ನನ್ನೇ ನಿಲ್ಲಿಸಿಕೊಂಡು, ತನ್ನ ಹೆಸರು ಬರೆದ ಕಾಗದವೊಂದನ್ನು ಕೈಯಲ್ಲಿ ಹಿಡಿದುಕೊಂಡಿದ್ದಾನೆ.

ನಾವು ಈ ಚಿತ್ರಕ್ಕೇ ಮನಸೋತದ್ದಕ್ಕೆ ಮುಖ್ಯ ಕಾರಣ ಮೈಬಣ್ಣ. ಪೇಟೆಯಲ್ಲಿ 'ಮೈಬಣ್ಣ' ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಕೊಳವೆಯೊಂದನ್ನು ಮಾರುತ್ತಾರೆ. ಬಿಚ್ಚಿದರೆ ಒಳಗಿರುವುದು ಗುಲಾಬಿ! ಈ ಸಭೆಯಲ್ಲಿ ಆ ಬಣ್ಣದ ಮೈಯವರು ಯಾರಿದ್ದಾರೆ? ಮೊದಲ ಚಿತ್ರದಲ್ಲಿ ನಾವು ಆ ಗುಲಾಬಿಗೆ ಕಾಫಿಪುಡಿಯಂಥ ಕಂದು ಬಣ್ಣವನ್ನು ಬೆರೆಸಿ ಮಾಷ್ಟ್ರ ಮುಖಕ್ಕೆ ಬಳಿದಿದ್ದೆವು. ಮುಖ ಕೆಸರು ಮೆತ್ತಿದಂತಾಗಿತ್ತು. ಪರೇಹನ ಮುಖ ನಮ್ಮಂತೆಯೇ ಕಂದು ಮುಖ. ಆ ಕಂದಿನಲ್ಲಿ ಬೆಳಕು ಹೇಗೆ ಆಡುತ್ತದೆಂಬುದನ್ನು ತೋರಿಸಿಕೊಡಲು ಅದಕ್ಕಿಂತ ಒಳ್ಳೆಯ ಗುರು ನಮಗೆ ಸಿಗಲಾರದು.

ಮೂಲಚಿತ್ರ ಈಗಿರುವುದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ. 1970ರ ನವೆಂಬರಿನಲ್ಲಿ ಲಂಡನ್ನಿನ ಹರಾಜಿನಲ್ಲಿ 23 ಲಕ್ಷದ 10 ಸಾವಿರ ಪೌಂಡಿಗೆ ಅದು ಮಾರಾಟವಾಯಿತು. ನ್ಯೂಯಾರ್ಕಿನ ದಾರಿ ನಮಗೆಲ್ಲಿಯದು? ಆದರೆ ಆ ಮ್ಯೂಸಿಯಮ್ಮಿನವರು 2017ರಲ್ಲಿ ತಮ್ಮ ಸಂಗ್ರಹದ ಹಕ್ಕುಮುಕ್ತ ಕೃತಿಗಳ ಛಾಯಾಚಿತ್ರಗಳನ್ನು ಯಾರು ಬೇಕಾದರೂ ಪಡೆದುಕೊಳ್ಳಲೆಂದು ಬಿಟ್ಟುಕೊಟ್ಟರು. ನಮ್ಮ ಮಗಳು ಅದನ್ನು ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಮಂಗಳೂರಿನಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿ ತಂದಳು. ಅಚ್ಚಿನಲ್ಲಿ ಬಣ್ಣದ ದಪ್ಪ ಕಾಣದು, ಕುಂಚದ ದಿಬ್ಬ ತಗ್ಗು ಕಾಣದು. ಮಾವಿನ ಚಿತ್ರ ನೋಡಿ ರುಚಿ ಊಹಿಸಿದಂತೆಯೇ ಸರಿ. ಆದರೂ ನಮ್ಮ ಹಸಿವಿಗೆ ಅಷ್ಟು ಸಾಕಾಯಿತು.

ಇದನ್ನು ಕೇಳಿ ಸ್ನೇಹಿತರೊಬ್ಬರು ಮೂಗು ಮುರಿದರು. "ಪರೀಕ್ಷೆಯಲ್ಲಿ ನಕಲು ಮಾಡಬಾರದೆಂದು ಮಕ್ಕಳಿಗೆ ಹೇಳುತ್ತೀರಿ. ನೀವೇ ನಕಲಿಗೆ ಕುಳಿತಿದ್ದೀರಲ್ಲ!" ಎಂದರು. ಅವರಿಗೆ ನಾವು ಕೊಟ್ಟ ಉತ್ತರ ಇಷ್ಟೇ: ರೂಬೆನ್ಸ್ ಎಂಬ ಮಹಾ ಚಿತ್ರಕಾರ ಐವತ್ತು ದಾಟಿದ ಮೇಲೆ, 1628ರಲ್ಲಿ ಮಾಡ್ರಿಡ್ಡಿಗೆ ಬಂದಾಗ, ಅರಮನೆಯಲ್ಲಿದ್ದ ಟಿಷನ್‌ನ ಚಿತ್ರಗಳ ಮುಂದೆ ಕುಳಿತು ವಿದ್ಯಾರ್ಥಿಯಂತೆ ಪ್ರತಿ ಮಾಡಿದನು. ಅಮೆರಿಕದ ಸಾರ್ಜೆಂಟ್ 1879ರಲ್ಲಿ ಪ್ರಾಡೊದಲ್ಲಿ ಇದೇ ವೆಲಾಸ್ಕೆಸನ ಚಿತ್ರಗಳನ್ನು ಪ್ರತಿ ಮಾಡಿದನು. ಈ ಕೇರಳದವರೇ ಆದ ರಾಜಾ ರವಿವರ್ಮರು, 1868ರಲ್ಲಿ ತಿರುವಿತಾಂಕೂರಿಗೆ ಬಂದಿದ್ದ ಥಿಯೊಡೋರ್ ಜೆನ್ಸನ್ ಎಂಬವನು ಚಿತ್ರ ಬರೆಯುವುದನ್ನು ನಿಂತು ನೋಡಿ ತೈಲವರ್ಣದ ಮರ್ಮವನ್ನು ಗ್ರಹಿಸಿದರು. ಚೌಕಿಯಲ್ಲಿ ಹಿರಿಯ ವೇಷಧಾರಿಯ ಪಕ್ಕ ಕುಳಿತು, ಆತನ ಬೆರಳು ಹೋದಂತೆ ತನ್ನ ಬೆರಳನ್ನೂ ಒಯ್ದು ಬಣ್ಣಗಾರಿಕೆ ಕಲಿಯುವ ಹುಡುಗನನ್ನು ನಕಲಿಗನೆಂದು ಕರೆಯುವವರುಂಟೇ? ಪ್ರತಿಯ ಬೆನ್ನಿಗೆ 'ವೆಲಾಸ್ಕೆಸನ ಚಿತ್ರವನ್ನು ನೋಡಿ ಮಾಡಿದ್ದು' ಎಂದು ಸ್ಪಷ್ಟವಾಗಿ ಬರೆದಿಟ್ಟರೆ ಮುಗಿಯಿತು.

ಇನ್ನು ಕೆಲಸದ ವಿಚಾರ. ಬಣ್ಣ ನಾಲ್ಕೇ: ಬಿಳಿ, ಹಳದಿ ಮಣ್ಣು, ಕೆಂಪು ಮಣ್ಣು, ಕಪ್ಪು. ವೆಲಾಸ್ಕೆಸನ ಕಾಲದವರು ಬಳಸುತ್ತಿದ್ದುದು ಸೀಸದ ಬಿಳಿ. ಅದು ವಿಷ, ಮಕ್ಕಳಿರುವ ಮನೆಗೆ ಹೇಳಿಸಿದ್ದಲ್ಲ. ನಾವು ಟೈಟೇನಿಯಂ ಬಿಳಿಯನ್ನು ತೆಗೆದುಕೊಂಡೆವು. ಕೆಂಪು ಮಣ್ಣಿನ ಬಣ್ಣವೆಂದರೆ ಕಬ್ಬಿಣದ ತುಕ್ಕಿನ ಬಣ್ಣವೇ. ನಮ್ಮ ಮನೆಗಳ ಮುರಕಲ್ಲಿಗೆ ಕೆಂಪು ಕೊಟ್ಟದ್ದೂ ಅದೇ ಕಬ್ಬಿಣ. ಬಣ್ಣವನ್ನು ತೆಳುವಾಗಿಸಲು ಅಗಸೆ ಎಣ್ಣೆ ಬೇಕು. "ಅಷ್ಟು ದೂರದ ಎಣ್ಣೆ ಯಾಕೆ, ಮನೆಯಲ್ಲಿ ತೆಂಗಿನೆಣ್ಣೆ ಇಲ್ಲವೇ?" ಎಂದು ಹಿತೈಷಿಯೊಬ್ಬರು ಸೂಚಿಸಿದರು. ಒಂದು ಮೂಲೆಯಲ್ಲಿ ಪರೀಕ್ಷಿಸಿಯೂ ನೋಡಿದೆವು. ಎರಡು ತಿಂಗಳಾದರೂ ಆ ಮೂಲೆ ಆರಲಿಲ್ಲ. ಇರುವೆಗಳು ಬಂದು ಅಂಟಿಕೊಂಡವು. ಅಗಸೆ ಎಣ್ಣೆ ಆರುವುದು ನೀರಿನಂತೆ ಆವಿಯಾಗಿ ಅಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ತೆಂಗಿನೆಣ್ಣೆಗೆ ಆ ಗುಣವಿಲ್ಲ. ಆಟಿ ತಿಂಗಳ ಮಳೆಯಲ್ಲಿ ಅಗಸೆ ಎಣ್ಣೆಯೂ ಸೋಮಾರಿಯೇ. ಬಟ್ಟೆಯ ಬೆನ್ನಿಗೆ ಬೂಷ್ಟು ಹಿಡಿಯಿತೆಂದು ಅಟ್ಟದಿಂದ ಅಡುಗೆಮನೆಗೆ, ಒಲೆಯ ಬಿಸಿ ತಾಗುವ ಕಡೆಗೆ ಸಾಗಿಸಿದೆವು. ಮನೆಯವರ ತಾಳ್ಮೆಯನ್ನು ಇಲ್ಲಿ ಕೃತಜ್ಞತೆಯಿಂದ ಸ್ಮರಿಸಬೇಕು.

ಮೊದಲ ಪ್ರತಿ ಕೆಟ್ಟಿತು. ಹಳೆಯ ಚಾಳಿಯಂತೆ ಕಣ್ಣಿನಿಂದಲೇ ಆರಂಭಿಸಿ, ಕಣ್ಣಿನ ಸುತ್ತ ಕಪ್ಪು ಗೆರೆ ಎಳೆದುಬಿಟ್ಟಿದ್ದೆವು. ಈ ಗೆರೆ ನಮ್ಮ ಕೈಗೆ ಎಲ್ಲಿಂದ ಬಂತೆಂದು ಯೋಚಿಸಿದಾಗ ಹೊಳೆಯಿತು: ಅದು ಯಕ್ಷಗಾನದಿಂದ ಬಂದದ್ದು. ಚಿಕ್ಕಂದಿನಿಂದ ನಾವು ಮುಖವನ್ನು ಮುಖವೆಂದು ನೋಡಿದ್ದು ರಂಗಸ್ಥಳದಲ್ಲಿ. ದೂರದ ಗದ್ದೆಯ ಬದುವಿನಲ್ಲಿ ಕುಳಿತವರಿಗೂ ಕಾಣಬೇಕಾದರೆ ವೇಷದ ಕಣ್ಣಿಗೆ ಗೆರೆ ಬೇಕು, ಹುಬ್ಬಿಗೆ ಬಾಲ ಬೇಕು. ಅಲ್ಲಿ ಅದೇ ಸತ್ಯ. ಪರೇಹನ ಮುಖದಲ್ಲಾದರೋ ಗೆರೆ ಎಂಬುದೇ ಇಲ್ಲ. ಒಂದು ಬಣ್ಣ ಇನ್ನೊಂದು ಬಣ್ಣವನ್ನು ಮುಟ್ಟುವ ಜಾಗವೇ ಗೆರೆಯಂತೆ ತೋರುತ್ತದೆ. ಕೂದಲು ಎಲ್ಲಿ ಮುಗಿಯಿತು, ಹಿಂದಿನ ಮಬ್ಬು ಎಲ್ಲಿ ಆರಂಭವಾಯಿತು ಎಂದು ಬೆರಳಿಟ್ಟು ತೋರಿಸಲಾಗದು.

ಎರಡನೆಯ ಪ್ರತಿಗೆ ಅಚ್ಚನ್ನೂ ಬಟ್ಟೆಯನ್ನೂ ತಲೆಕೆಳಗಾಗಿ ನಿಲ್ಲಿಸಿದೆವು. ಹಾಗೆ ಮಾಡಿದರೆ ಅದು ಮೂಗು, ಇದು ಬಾಯಿ ಎಂಬ ಜ್ಞಾನ ಅಡ್ಡ ಬರುವುದಿಲ್ಲ; ಬರಿಯ ಬೆಳಕಿನ ತುಂಡು, ನೆರಳಿನ ತುಂಡು. ಹಳೆಯ ಪೋಸ್ಟ್‌ಕಾರ್ಡಿನ ಮಧ್ಯದಲ್ಲಿ ಹುಣಸೆಬೀಜದಷ್ಟು ತೂತು ಕೊರೆದು, ಅದರ ಮೂಲಕ ಒಂದೊಂದೇ ಬಣ್ಣವನ್ನು ನೋಡಿದೆವು. ಆಗ ಕಂಡದ್ದನ್ನು ಹೇಳಿದರೆ ತಾವು ನಂಬಲಿಕ್ಕಿಲ್ಲ. ಕಣ್ಣಿನ ಬಿಳಿ ಬಿಳಿಯೇ ಅಲ್ಲ. ಒಣಗಿದ ಅಡಿಕೆ ಸಿಪ್ಪೆಯ ಬೂದು. ಹಣೆಯ ಮೇಲಿನ ಹೊಳಪು ಬಿಳಿಯಲ್ಲ. ತಣ್ಣನೆಯ ಬೂದು ಬೆರೆತ ತಿಳಿಯಾದ ಕಂದು. ಬೆಳಕಿನಿಂದ ನೆರಳಿಗೆ ಇಳಿಯುವ ಸಂಧಿಯಲ್ಲಿ ಹಸಿರೋ ನೀಲಿಯೋ ಎಂಬಂತೆ ತೋರುವ ಒಂದು ಛಾಯೆಯಿದೆ. ಅದಕ್ಕೆ ನೀಲಿ ಬಣ್ಣ ಬೇಕಾಗಿಲ್ಲ; ಕಪ್ಪು ಬಿಳಿ ಕೂಡಿದ ಬೂದು ಬೆಚ್ಚನೆಯ ಕಂದಿನ ಪಕ್ಕ ಕುಳಿತಾಗ ತಾನೇ ನೀಲಿಯಾಗಿ ಕಾಣುತ್ತದೆ. ಕಂದು ಮುಖ ಜೀವಂತವಾಗುವುದು ಈ ಬೂದಿನಿಂದ. ನಾವು ಮೂರು ತಿಂಗಳು ಮಾಷ್ಟ್ರ ಮುಖಕ್ಕೆ ಬಳಿದದ್ದರಲ್ಲಿ ಅದು ಒಂದು ತೊಟ್ಟೂ ಇರಲಿಲ್ಲ.

ಕೊರಳ ಸುತ್ತಣ ಬಿಳಿಯ ಕಸೂತಿ ಪಟ್ಟಿಯ ಬಳಿ ಹನ್ನೆರಡು ದಿನ ಕಳೆದೆವು. ಆರಡಿ ದೂರದಿಂದ ನೋಡಿದರೆ ನೂಲು ನೂಲೂ ಕಾಣುವಂತಿದೆ. ಹತ್ತಿರ ಹೋದರೆ ನೂಲಿಲ್ಲ, ಹೂವಿಲ್ಲ. ಅವಸರದಲ್ಲಿ ಎಳೆದು ಬಿಟ್ಟಂತೆ ಕೆಲವು ಏಟುಗಳು. ನಾವು ನಿಧಾನವಾಗಿ, ಜೋಪಾನವಾಗಿ ಆ ಏಟುಗಳನ್ನು ಅನುಕರಿಸಿದೆವು. ಸುಣ್ಣ ಮೆತ್ತಿದಂತಾಯಿತು. ಕೆರೆದು ತೆಗೆದೆವು. ಮತ್ತೆ ಬರೆದೆವು, ಮತ್ತೆ ಕೆರೆದೆವು. ಹನ್ನೆರಡನೆಯ ದಿನ ಬೇಸರದಿಂದ ಕೈ ಸಡಿಲ ಬಿಟ್ಟು ನಾಲ್ಕು ಏಟು ಹಾಕಿದಾಗ ಒಂದು ಅಂಗುಲದಷ್ಟು ಕಸೂತಿ ತಾನಾಗಿ ಮೂಡಿತು. ಆ ಒಂದು ಅಂಗುಲವನ್ನು ಬಿಟ್ಟು ಉಳಿದ ಪಟ್ಟಿಯೆಲ್ಲ ಇಂದಿಗೂ ಸುಣ್ಣವೇ.

ಇದೇ ಕಷ್ಟ ಮುಖದಲ್ಲಿ ಬೇರೆ ರೀತಿಯಾಗಿತ್ತು. ಪರೇಹನ ಮೈ ಒಂದು ಮಗ್ಗುಲಿಗೆ ತಿರುಗಿದೆ, ಒಂದು ತೋಳು ಮೈಗೆ ಅಡ್ಡವಾಗಿ ಬಂದಿದೆ, ಕಣ್ಣು ಮಾತ್ರ ನಮ್ಮನ್ನೇ ನೋಡುತ್ತದೆ. ಆ ನೋಟದಲ್ಲಿ ಬೇಡಿಕೆಯಿಲ್ಲ, ಸಿಟ್ಟಿಲ್ಲ. ತಾನು ಯಾರೆಂದು ಬಲ್ಲವನ ನೋಟ. ನಮ್ಮ ಪ್ರತಿಯಲ್ಲಿ ಅದು ಒಮ್ಮೆ ಗರ್ವವಾಗುತ್ತಿತ್ತು, ಒಮ್ಮೆ ದೈನ್ಯವಾಗುತ್ತಿತ್ತು. ಮೇಲಿನ ರೆಪ್ಪೆಯ ನೆರಳು ಕೂದಲೆಳೆಯಷ್ಟು ಇಳಿದರೆ ಮನುಷ್ಯನೇ ಬದಲಾಗುತ್ತಾನೆ. ಹನ್ನೊಂದು ವಾರ ಆ ಮುಖದೊಡನೆ ಬಾಳಿದ ಮೇಲೆ ನಮಗೆ ಒಂದು ಸಂಗತಿ ಅರ್ಥವಾಯಿತು. ವೆಲಾಸ್ಕೆಸ್ ಎಲ್ಲವನ್ನೂ ಬರೆದಿಲ್ಲ. ಕಣ್ಣಿನ ಹತ್ತಿರ ನಿಂತಿದ್ದಾನೆ, ಅಂಗಿಯ ಮೇಲೆ ಓಡಿದ್ದಾನೆ, ಕೈಯನ್ನು ಅರ್ಧಕ್ಕೆ ಬಿಟ್ಟಿದ್ದಾನೆ. ಯಾವುದು ಆ ಮನುಷ್ಯನದು, ಯಾವುದು ಬಟ್ಟೆಯದು ಎಂದು ಮೊದಲೇ ನಿರ್ಧರಿಸಿದ್ದಾನೆ. ನಾವು ಮಾಷ್ಟ್ರ ಅಂಗಿಯ ಗುಂಡಿಗೂ ಕಣ್ಣಿಗೂ ಒಂದೇ ಶ್ರದ್ಧೆಯನ್ನು ಹಂಚಿದ್ದೆವು.

ಪ್ರತಿ ಪೂರ್ತಿಯಾಗುವ ಮೊದಲೇ ನಾವು ಅದನ್ನು ನಿಲ್ಲಿಸಿದೆವು. ಪ್ರತಿ ಮಾಡುತ್ತಲೇ ಹೋದರೆ ಕೈಗೆ ಊರುಗೋಲಿನ ಚಟ ಹತ್ತುತ್ತದೆಂಬುದು ನಮ್ಮ ಅಭಿಪ್ರಾಯ. ಅಕ್ಷರ ತಿದ್ದಿದ ಮಣೆಯ ಮೇಲೆ ಯಾರೂ ಕಾಗದ ಬರೆಯುವುದಿಲ್ಲವಷ್ಟೆ.

ಮಾಷ್ಟ್ರ ಚಿತ್ರಕ್ಕೆ ಹಿಂದಿರುಗಿದಾಗ ಫೋಟೋವನ್ನು ಮೊದಲು ಪೆಟ್ಟಿಗೆಯೊಳಗಿಟ್ಟೆವು. ಅವರ ತಮ್ಮನವರಿಗೆ ಅದೇ ಹಣೆ, ಅದೇ ಮೂಗು. ಅವರನ್ನು ನಾಲ್ಕು ಬೆಳಿಗ್ಗೆ ಒಂದೇ ಕಿಟಕಿಯ ಪಕ್ಕ, ಬೆಳಕು ಒಂದೇ ಕಡೆಯಿಂದ ಬೀಳುವಂತೆ ಕೂರಿಸಿ, ನೆರಳು ಎಲ್ಲಿ ಇಳಿಯುತ್ತದೆ, ಬೂದು ಎಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕಿಕೊಂಡೆವು. ಅಮ್ಮನ ಬಳಿ ಹೋಗಿ ಈ ಬಾರಿ ಚಿತ್ರ ತೋರಿಸಲಿಲ್ಲ, ಪ್ರಶ್ನೆ ಕೇಳಿದೆವು. ಮಗು ಪಾಠವನ್ನು ತಪ್ಪಾಗಿ ಓದಿದಾಗ ಅವರು ಹೇಗೆ ನೋಡುತ್ತಿದ್ದರು? "ಗದರುತ್ತಿರಲಿಲ್ಲ. ಎಡದ ಹುಬ್ಬು ಒಂದು ಚೂರು ಮೇಲೆ ಹೋಗ್ತಿತ್ತು. ಮಗು ಅಷ್ಟಕ್ಕೇ ತಿದ್ದಿಕೊಳ್ತಿತ್ತು" ಎಂದರು. ಫೋಟೋದಲ್ಲಿ ಎರಡು ಹುಬ್ಬೂ ತಕ್ಕಡಿ ಹಿಡಿದಂತೆ ಸಮವಾಗಿದ್ದವು. ನಮಗೂ ಆ ಹುಬ್ಬು ನೆನಪಿರಬೇಕಿತ್ತು. ನಮ್ಮ ಮೇಲೆ ಅದು ಎಷ್ಟು ಸಲ ಏರಿರಲಿಲ್ಲ!

ಐದು ತಿಂಗಳಲ್ಲಿ ಚಿತ್ರ ಮುಗಿಯಿತು. ನಿನ್ನೆ ಸಂಜೆ, ಸಭಾಂಗಣದಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಅಮ್ಮನನ್ನು ಆಟೋದಲ್ಲಿ ಕರೆತಂದು ತೋರಿಸಿದೆವು. ಬಾಗಿಲ ಬಳಿಯೇ ನಿಂತು ನೋಡಿದರು. ಹತ್ತಿರ ಬಂದರು. ಫೋಟೋದ ಮಾತು ಎತ್ತಲಿಲ್ಲ. ಸೆರಗಿನ ತುದಿಯನ್ನು ಕೈಯಲ್ಲಿ ಸುತ್ತಿಕೊಳ್ಳುತ್ತ, "ಕೊರಳಿನ ಗುಂಡಿ ಯಾಕೆ ಹಾಕಿದ್ದು, ಮಗಾ? ಅವರಿಗೆ ಉಸಿರು ಕಟ್ಟಿದ ಹಾಗೆ ಆಗ್ತದೆ" ಎಂದರು.

ಅಮ್ಮನನ್ನು ಮನೆಗೆ ಬಿಟ್ಟು ಬಂದು, ರಾತ್ರಿ ಹನ್ನೊಂದರವರೆಗೆ ಇಲ್ಲಿಯೇ ಏಣಿಯ ಮೇಲೆ ಕುಳಿತು ಆ ಗುಂಡಿಯನ್ನು ಬಿಚ್ಚಿದೆವು. ದೀಪ ಹಿಡಿದು ನಿಂತ ಕಾರ್ಯದರ್ಶಿಗಳಿಗೆ ನಮ್ಮ ವಂದನೆಗಳು. ಬಣ್ಣ ಇನ್ನೂ ಹಸಿಯಾಗಿದೆ; ಆರಲು ವಾರವಾದರೂ ಬೇಕು. ಆದುದರಿಂದ ಸಭೆ ಮುಗಿದ ಮೇಲೆ ಚಿತ್ರವನ್ನು ನೋಡಲು ಹತ್ತಿರ ಹೋಗುವವರು, ವಿಶೇಷವಾಗಿ ಮಕ್ಕಳು, ದಯವಿಟ್ಟು ಕೊರಳಿನ ಬಳಿ ಕೈಯಿಡಬಾರದು.